ಮಳೆಯಲ್ಲಿ ನೆನೆದ ಡೈನೋಸಾರ್

ಲೇಖನ ಚೆನ್ನಾಗಿದೆ. ಆದರೆ ಸಿನಿಮಾಗೆ ಕಂಪ್ಯೂಟರ್ ಗ್ರಾಫಿಕ್ಸ್ ಬಂದ ಮೇಲೆ ಕೈಯಲ್ಲಿ ಎಫೆಕ್ಟ್ಸ್ ಮಾಡುವ ಸ್ಟುಡಿಯೋಗಳ ಕಾಲ ಮುಗೀತು ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪೋದು ಕಷ್ಟ.

1993ರ ‘ಜುರಾಸಿಕ್ ಪಾರ್ಕ್’ ತಗೊಳ್ಳಿ. ಗ್ರಾಫಿಕ್ಸ್‌ಗೇ ಹೆಸರಾದ ಚಿತ್ರ, ಅಲ್ವಾ? ಆದರೂ ಮಳೆಯಲ್ಲಿ ಕಾರಿನ ಮೇಲೆರಗುವ ಟಿ-ರೆಕ್ಸ್ ಡೈನೋಸಾರ್ ಎಷ್ಟೋ ಶಾಟ್‌ಗಳಲ್ಲಿ ಸ್ಟ್ಯಾನ್ ವಿನ್‌ಸ್ಟನ್ ಅವರ ಸ್ಟುಡಿಯೋ ಕಟ್ಟಿದ ಯಂತ್ರ. ಅದರ ಚರ್ಮ ಫೋಮ್ ರಬ್ಬರಿನದು. ಸ್ಪಂಜಿನ ಹಾಗೆ ನೀರು ಕುಡಿದು ಭಾರ ಜಾಸ್ತಿಯಾಗಿ, ಅಷ್ಟು ದೊಡ್ಡ ಪ್ರಾಣಿ ಚಳಿ ಹಿಡಿದವರಂತೆ ಗಡಗಡ ನಡುಗೋಕೆ ಶುರುಮಾಡಿತ್ತು. ಟವೆಲ್ ಹಿಡಿದು ಒರೆಸಿ ಒಣಗಿಸಬೇಕಾಯಿತು! ಇಷ್ಟೆಲ್ಲ ಪಾಡು ಯಾಕೆ ಅಂದರೆ, ಎದುರಿಗೆ ನಿಜವಾದ ವಸ್ತು ಇದ್ದಾಗ ಬೆಳಕು ಅದರ ಮೇಲೆ ತಾನಾಗೇ ಸರಿಯಾಗಿ ಬೀಳುತ್ತದೆ. ನಟರಿಗೂ ಸುಮ್ನೆ ಖಾಲಿ ಗೋಡೆ ನೋಡಿ ಹೆದರುವ ಕಷ್ಟ ಇರುವುದಿಲ್ಲ.

ನಾನೂ ಸ್ವಲ್ಪ ದಿನ ಇಂಥ ವರ್ಕ್‌ಶಾಪ್‌ನಲ್ಲಿದ್ದೆ. ನನ್ನ ಪಾಲಿಗೆ ಬಂದದ್ದು ಸಿಲಿಕೋನಿನ ನಕಲಿ ತಲೆಯೊಂದರ ಹುಬ್ಬು. ಅಂಟಿಸೋದಲ್ಲ, ಸೂಜಿಯಲ್ಲಿ ಒಂದೊಂದೇ ಕೂದಲು ಚುಚ್ಚಿ ನೆಡೋದು. ಮೂಗಿನ ಹತ್ತಿರದವು ಮೇಲಕ್ಕೆ, ಆಮೇಲಿನವು ಪಕ್ಕಕ್ಕೆ ವಾಲಬೇಕು. ನಾನು ಎಲ್ಲವನ್ನೂ ಒಂದೇ ದಿಕ್ಕಿಗೆ ನೆಟ್ಟೆ. ಮುಖ ಹೋಗಿ ಹಲ್ಲುಜ್ಜುವ ಬ್ರಷ್ ಆಯಿತು! ಎಲ್ಲ ಕಿತ್ತು ಮತ್ತೆ ಮೊದಲಿಂದ.

ಸಿನಿಮಾದಲ್ಲಿ ಒಡೆಯೋಕೆಂದೇ ಮಾಡುವ ನಕಲಿ ಬಾಟಲಿಗಳ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಹಿಂದೆ ಅವನ್ನು ಸಕ್ಕರೆ ಪಾಕದಿಂದಲೇ ಮಾಡುತ್ತಿದ್ದರು, ಲೈಟಿನ ಬಿಸಿಗೆ ಅಂಟಂಟಾಗುತ್ತಿತ್ತು. ಈಗ ಹೆಚ್ಚಾಗಿ ರೆಸಿನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಟೇಕ್ ಒಂದಕ್ಕೆ ಒಂದು ಬಾಟಲಿ ಬೇಕೇ ಬೇಕು. ನಿರ್ದೇಶಕರು ‘ಇನ್ನೊಂದು ಟೇಕ್’ ಅಂದಾಗ ಪ್ರಾಪ್ಸ್‌ನವರ ಮುಖ ನೋಡಬೇಕು ನೀವು.