ಇಎಂಐ ಏರ್ಲಿಲ್ಲ ಅಂತ ಖುಷಿಪಟ್ಟಿದ್ದೆ

2023ರಲ್ಲಿ ಒಂದಿನ ಮುಂಬೈನ ಡೊಂಬಿವ್ಲಿ ಲೋಕಲ್ ಟ್ರೇನಲ್ಲಿ, ಮೂರು ಜನದ ಸೀಟಿನ ತುದೀಲಿ ನಾಲ್ಕನೆಯವನಾಗಿ ಕೂತ್ಕೊಂಡು, ಎಲ್ರದೂ ಬಡ್ಡಿ ಏರಿದೆಯಂತೆ ನನ್ನ ಇಎಂಐ ಮಾತ್ರ ಒಂದ್ರೂಪಾಯಿನೂ ಏರಿಲ್ಲ ಅಂತ ಜಂಬ ಕೊಚ್ಚಿದೆ. ಬಟ್ಟೆ ಅಂಗಡಿಲಿ ಲೆಕ್ಕ ಬರೆಯೋ ಕಾಕಾ ಒಬ್ರು, ಕಂತು ಎಷ್ಟು ಬಾಕಿ ಇದೆ ನೋಡು ಅಂದ್ರು. ಠಾಣೆ ಬರೋ ಹೊತ್ತಿಗೆ ಮೊಬೈಲಲ್ಲಿ ನೋಡ್ತೀನಿ, 15 ವರ್ಷದ ಸಾಲ 22 ವರ್ಷ ದಾಟಿಬಿಟ್ಟಿದೆ! ಇಡೀ ಗ್ರೂಪು ನಕ್ಕಿತು. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, ಅಂದ್ರೆ ರೆಪೋ ರೇಟು, 2022ರ ಮೇ ಶುರುವಲ್ಲಿ ಶೇಕಡಾ 4 ಇದ್ದಿದ್ದು ಮುಂದಿನ ಫೆಬ್ರವರಿಗೆ ಆರೂವರೆ, ಹಾಗೆ ಏರಿದಾಗ ಬ್ಯಾಂಕಿನೋರು ಕಂತಿನ ಮೊತ್ತ ಮುಟ್ಟದೆ ಸಾಲದ ಅವಧಿ ಎಳೆದುಬಿಡ್ತಾರೆ ಅನ್ನೋದು ಅಲ್ಲಿ ಪೇಪರ್ ಹಿಡ್ಕೊಂಡು ನಿಂತಿದ್ದ ಹುಡುಗನಿಗೂ ಗೊತ್ತು.

ಊರಲ್ಲಿ ಇದನ್ನ ಯಾರು ಹೇಳ್ತಿದ್ರು? ಮದುವೆ ಮನೇಲಿ ಪಂಕ್ತಿಲಿ ಪಕ್ಕ ಕೂತೋರು ಸಂಬಳ ಎಷ್ಟು, ಸೈಟು ಎಷ್ಟಕ್ಕೆ ಬಿತ್ತು ಅಂತ ನಾಚಿಕೆ ಇಲ್ದೆ ಕೇಳ್ತಾರೆ, ಎಷ್ಟು ಬಡ್ಡಿಗೆ ಸಾಲ ಮಾಡಿದೀರಿ ಅಂತ ನಾವು ಕೇಳಿದ್ರೆ ಮಾತ್ರ ಮುಖ ಆ ಕಡೆ. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಪಿಯುಸಿ ಹುಡುಗ್ರಿಗೆ ಅರ್ಥಶಾಸ್ತ್ರ ಪಾಠ ಮಾಡಿದೋರು. ಮನೇಲಿ ಒಂದಿನಾನೂ ಹಣದುಬ್ಬರದ ಮಾತೆತ್ತಿದೋರಲ್ಲ, ಎಣ್ಣೆ ರೇಟು ಏರಿದ್ರೆ ಅಂಗಡಿಯವನಿಗೆ ಬೈದು ಸುಮ್ನಾಗ್ತಾರೆ.

ಹಾಗಂತ ಲೋಕಲ್ಲಿನೋರೆಲ್ಲ ಮಹಾ ಬುದ್ಧಿವಂತ್ರು ಅಂತಲ್ಲ, ಒಪ್ಕೋಬೇಕು. ಅದೇ ಕಾಕಾ ಷೇರುಪೇಟೆಯ ಆಪ್ಷನ್ಸಲ್ಲಿ, ಅಂದ್ರೆ ರೇಟು ಏರುತ್ತೋ ಇಳಿಯುತ್ತೋ ಅಂತ ದುಡ್ಡು ಕಟ್ಟೋ ವ್ಯವಹಾರದಲ್ಲಿ, ಕೈ ಸುಟ್ಕೊಂಡು ಆರು ತಿಂಗಳು ಚಹಾ ಖರ್ಚು ನಮ್ಮ ಮೇಲೆ ಹಾಕಿದ್ರು. 2024ರಲ್ಲಿ ಷೇರುಪೇಟೆ ಮೇಲೆ ಕಣ್ಣಿಡೋ ಸೆಬಿಯ ವರದಿ ಬಂತಲ್ಲ, ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ನೂರರಲ್ಲಿ 93 ಜನಕ್ಕೆ ಲಾಸು ಅಂತ, ಅವತ್ತು ನಮ್ಮ ಡಬ್ಬೀಲಿ ಯಾಕೋ ಎಲ್ರೂ ಕ್ರಿಕೆಟ್ ಮಾತಾಡ್ತಿದ್ರು.

ಈ ಸಲ ಊರಿಗೆ ಹೋದಾಗ ಅಮ್ಮ ಚೀಟಿ ಲೆಕ್ಕ ಬರೀತಾ ಕೂತಿದ್ಲು. 20 ಜನ, ತಲೆಗೆ 5000. "ಯಾರಿಗೋ ಅವಸರ, 22 ಸಾವಿರ ಬಿಟ್ಟು ಎತ್ತಿದಾರೆ. ಅದನ್ನ 20 ಜನಕ್ಕೂ ಹಂಚಿದ್ರೆ ನಮಗೆ 1100 ಉಳೀತು, ಈ ತಿಂಗಳು 3900 ಕಟ್ಟಿದ್ರೆ ಸಾಕು. ನಾನು ಕೊನೇಲಿ ಎತ್ತೋದು, ಕಾಯೋರಿಗೇ ಲಾಭ ಕಣೋ." ಬಡ್ಡಿ ಅಂದ್ರೆ ಏನು ಅಂತ ನನಗೆ ಲೋಕಲ್ ಟ್ರೇನಲ್ಲಿ ಅರ್ಥ ಆಯ್ತು ಅಂದ್ಕೊಂಡಿದ್ದೆ, ಇವಳು ಅದನ್ನ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಬರೆದಿಟ್ಟಿದಾಳೆ.

ಆಮೇಲೆ ತಲೆ ಎತ್ತಿ, "ನಿನ್ ಸಾಲ ಎಷ್ಟು ವರ್ಷ ಇದೆ ಇನ್ನೂ?" ಅಂದ್ಲು.

"ಹೊಟ್ಟೆ ಹಸೀತಿದೆ, ತಟ್ಟೆ ಹಾಕಮ್ಮ" ಅಂದೆ.