ದೊಡ್ಡಮ್ಮನ ಪಿಂಚಣಿ, ಅಕ್ಕನ ಮಗಳ ಸಂಬಳ

ಹೋದ ಭಾನುವಾರ ಮಡಿಕೇರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಕಾಗದಗಳು ಅಕ್ಕಪಕ್ಕ ಬಿದ್ದಿದ್ದವು. ಒಂದು, 1974ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿ 2013ರಲ್ಲಿ ನಿವೃತ್ತರಾದ ನಮ್ಮ ದೊಡ್ಡಮ್ಮನ ಬ್ಯಾಂಕ್ ಪಾಸ್‌ಬುಕ್. ಇನ್ನೊಂದು, ಇಲ್ಲಿಯ ರೆಸಾರ್ಟ್ ಒಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿರುವ ನಮ್ಮ ಅಕ್ಕನ ಮಗಳ ಸಂಬಳದ ಚೀಟಿ. ಹುಡುಗಿಯ ಕೈಗೆ ಬಂದದ್ದು 13,400 ರೂಪಾಯಿ. ದೊಡ್ಡಮ್ಮನ ಪಿಂಚಣಿ ಅದರ ಎರಡರಷ್ಟನ್ನೂ ಮೀರಿದೆ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು. "ಇದರಲ್ಲಿ ತುಟ್ಟಿಭತ್ಯೆ ಎಲ್ಲಿದೆ ಮಗಳೇ?" ಎಂದು ಕೇಳಿದರು. "ಎಲ್ಲ ಸೇರಿಯೇ ಇಷ್ಟು ಅಜ್ಜಿ" ಎಂದಳು ಹುಡುಗಿ. "ರಾತ್ರಿ ಪಾಳಿಯದು?" "ಅದೂ ಸೇರಿ."

ವಾರವಿಡೀ ನನ್ನ ತಲೆಯಲ್ಲಿ ಇದೇ ಮಾತು ಸುತ್ತುತ್ತಿದೆ. ಆಪರೇಟರ್‌ಗಳ ಸಂಬಳ ಯಾವುದರ ಮೇಲೆ ನಿಂತಿದೆ ಎಂದು ಕೇಳಿದರೆ ಓದು, ಅನುಭವ, ಭಾಷೆ, ಊರು, ಪಾಳಿ ಎಂದು ಜನ ಎಣಿಸುತ್ತಾ ಹೋಗುತ್ತಾರೆ. ಐವತ್ತು ವರ್ಷ ಈ ಕೆಲಸವನ್ನು ಮನೆಯೊಳಗಿನಿಂದಲೇ ಕಂಡ ಕುಟುಂಬ ನಮ್ಮದು. ನಾನು ಕಂಡಂತೆ, ಕುರ್ಚಿಯಲ್ಲಿ ಕೂತವಳು ಏನು ಮಾಡುತ್ತಾಳೆ, ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂಬುದು ಬಹಳ ಆಮೇಲಿನ ಮಾತು. ಅವಳ ನೇಮಕದ ಕಾಗದಕ್ಕೆ ಯಾರು ರುಜು ಹಾಕಿದ್ದಾರೆ ಎಂಬುದರಲ್ಲಿಯೇ ಸಂಬಳ ಮುಕ್ಕಾಲು ಪಾಲು ತೀರ್ಮಾನವಾಗಿ ಹೋಗಿರುತ್ತದೆ.

ದೊಡ್ಡಮ್ಮ ಮಾಡುತ್ತಿದ್ದ ಕೆಲಸ ಎಂಥದೆಂದು ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ. ಅವರು ಮೊದಲು ಕೂತದ್ದು ಕೈಯಿಂದ ಜೋಡಿಸುವ ಸಣ್ಣ ಎಕ್ಸ್‌ಚೇಂಜಿನಲ್ಲಿ. ಯಾವುದೋ ತೋಟದ ಬಂಗಲೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಬೋರ್ಡಿನ ಮೇಲೆ ಆ ನಂಬರಿನ ಪುಟ್ಟ ಮುಚ್ಚಳ ಪಟ್ಟನೆ ಬೀಳುತ್ತಿತ್ತು. ಜೋಡಿ ವೈರಿನ ಒಂದು ತುದಿಯನ್ನು ಆ ನಂಬರಿನ ತೂತಿಗೆ ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು, ಇನ್ನೊಂದು ತುದಿಯನ್ನು ಅವರು ಕೇಳಿದ ನಂಬರಿಗೆ ಚುಚ್ಚಿ ಗಂಟೆ ಹೊಡೆಯಬೇಕು. ಊರಾಚೆಯ ಕರೆಯಾದರೆ ಟ್ರಂಕ್ ಕಾಲ್. ಅದಕ್ಕೊಂದು ಟಿಕೆಟ್ ಬರೆದು, ಮೈಸೂರಿನ ಅಥವಾ ಮಂಗಳೂರಿನ ಆಪರೇಟರನ್ನು ಹಿಡಿದು, ಅಲ್ಲಿಂದ ಮುಂದಕ್ಕೆ ಲೈನು ಬೇಡಿ, ಸಿಕ್ಕಿದ ಮೇಲೆ ಗಡಿಯಾರ ನೋಡುತ್ತಾ ಮೂರು ಮೂರು ನಿಮಿಷದ ಲೆಕ್ಕ ಇಡಬೇಕು. ಸಾಧಾರಣ ಕರೆಗೆ ಒಂದು ದರವಾದರೆ ಅರ್ಜೆಂಟ್ ಕರೆಗೆ ಅದರ ಎರಡರಷ್ಟು, ಲೈಟ್ನಿಂಗ್ ಕರೆಗೆ ಎಂಟರಷ್ಟು.

ಲೈಟ್ನಿಂಗ್ ಕರೆ ಎಂದರೆ ಹೆಚ್ಚಾಗಿ ಸಾವಿನ ಸುದ್ದಿ. ಕೊಡಗಿನಲ್ಲಿ ಸೇನೆಗೆ ಮಕ್ಕಳನ್ನು ಕಳುಹಿಸದ ಊರು ಯಾವುದಿದೆ? ರಜೆ ಸಿಗಬೇಕಾದರೆ ತಂದೆ ತೀರಿಕೊಂಡ ಸುದ್ದಿ ದಂಡಿನ ಕಚೇರಿಗೆ ಮುಟ್ಟಬೇಕು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಕಂಬ ಬಿದ್ದು, ಲೈನು ಹರಿದು, ಒಂದೇ ಒಂದು ಸರ್ಕ್ಯೂಟ್ ಉಸಿರಾಡುತ್ತಿರುವಾಗ ಯಾರ ಕರೆಯನ್ನು ಮೊದಲು ಬಿಡಬೇಕು ಎಂಬುದನ್ನು ತೀರ್ಮಾನಿಸಬೇಕಾದವಳು ಇಪ್ಪತ್ತೆರಡು ವರ್ಷದ ಹುಡುಗಿ. ದೊಡ್ಡಮ್ಮ ಹೇಳುತ್ತಾರೆ: "ಆ ಕಡೆಯವರು ಅಳುತ್ತಿರುತ್ತಾರೆ, ಹೆಸರೂ ಸರಿಯಾಗಿ ಕೇಳುವುದಿಲ್ಲ. ನಮ್ಮ ದನಿ ಮಾತ್ರ ನಡುಗಬಾರದು." ಎಂಟು ಪಟ್ಟು ದರದ ಕರೆ ಜೋಡಿಸಿದರೂ ಅವರ ಸಂಬಳ ಅಷ್ಟೇ ಇತ್ತು, ನಿಜ. ಆದರೆ ಆ ಸಂಬಳಕ್ಕೊಂದು ಬೆನ್ನೆಲುಬಿತ್ತು. ನಾನು ಹೇಳಬೇಕಾದದ್ದು ಆ ಬೆನ್ನೆಲುಬಿನ ಬಗ್ಗೆ.

ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಅವರು ಸೇರಿದಾಗ ಮೂರನೆಯ ವೇತನ ಆಯೋಗದ ಶ್ರೇಣಿ, 260ರಿಂದ 480 ರೂಪಾಯಿ. ನಾಲ್ಕನೆಯ ಆಯೋಗದಲ್ಲಿ, ಅಂದರೆ 1986ರಿಂದ, ಅದು 975-1660 ಆಯಿತು. ಐದನೆಯದರಲ್ಲಿ 3200-4900. ಪ್ರತಿ ವರ್ಷ ಇನ್‌ಕ್ರಿಮೆಂಟ್. ಬೆಲೆ ಏರಿದಂತೆ ತುಟ್ಟಿಭತ್ಯೆ. ಮೇಲೆ ಖಾಲಿ ಹುದ್ದೆ ಇಲ್ಲದೆ ಒಂದೇ ಮೆಟ್ಟಿಲಿನಲ್ಲಿ ಕೊಳೆಯುತ್ತಿದ್ದವರಿಗಾಗಿ 1983ರಲ್ಲಿ ಕಾಲಬದ್ಧ ಬಡ್ತಿ ಬಂತು: ಹದಿನಾರು ವರ್ಷ ಸೇವೆ ಮುಗಿಸಿದರೆ ಮೇಲಿನ ಶ್ರೇಣಿ. 1990ರಿಂದ ಇಪ್ಪತ್ತಾರು ವರ್ಷಕ್ಕೆ ಮತ್ತೊಂದು. ದೊಡ್ಡಮ್ಮನಿಗೆ ಮೊದಲನೆಯದು 1990ರಲ್ಲಿ, ಎರಡನೆಯದು 2000ದಲ್ಲಿ ಸಿಕ್ಕಿತು. ಯಾರ ಮನೆ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ, ಯಾರಿಗೂ ಕೈಮುಗಿಯಲಿಲ್ಲ. ಸೇವಾ ಪುಸ್ತಕದಲ್ಲಿ ತಾರೀಕು ಬಂತು, ಸಂಬಳ ಏರಿತು.

2000ದ ಅಕ್ಟೋಬರ್ 1ರಂದು ಇಲಾಖೆಯ ಫೋನಿನ ಕೆಲಸ ಬಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿಗೆ ಹೋದಾಗ ಮನೆಯಲ್ಲಿ ಎಲ್ಲರಿಗೂ ಭಯ. ಪಿಂಚಣಿ ಹೋಯಿತು ಎಂದೇ ದೊಡ್ಡಮ್ಮ ತಿಳಿದಿದ್ದರು. ಇಲಾಖೆಯಿಂದ ಕಂಪನಿಗೆ ಸೇರಿಕೊಂಡ ನೌಕರರಿಗೆ ಸರ್ಕಾರವೇ ಪಿಂಚಣಿ ಕೊಡಬೇಕು ಎಂಬುದನ್ನು ನಿಯಮದಲ್ಲಿ ಬರೆಸುವ ತನಕ ಸಂಘಗಳು ಪಟ್ಟು ಬಿಡಲಿಲ್ಲ. ಇವತ್ತು ಅವರು ಮಾತ್ರೆ ಕೊಳ್ಳಲು ಯಾರ ಮುಂದೆಯೂ ಕೈಚಾಚದೆ ಇರುವುದು ಆ ಒಂದು ಸಾಲಿನ ದಯೆಯಿಂದ.

ಹಾಗಾದರೆ ಈ ಕೆಲಸಕ್ಕೆ ಸಂಬಳ ಕಡಿಮೆ ಎಂಬ ಭಾವನೆ ಬಂದದ್ದು ಎಲ್ಲಿಂದ? ಹುಟ್ಟಿನಿಂದಲೇ ಇದೆ. ಅಮೆರಿಕದ ಬಾಸ್ಟನ್ನಿನಲ್ಲಿ 1878ರ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬಾಕೆ ಜಗತ್ತಿನ ಮೊದಲ ಮಹಿಳಾ ಆಪರೇಟರ್ ಆಗಿ ಕುಳಿತರು. ಅದಕ್ಕೆ ಮೊದಲು ಈ ಕೆಲಸಕ್ಕೆ ಹುಡುಗರಿದ್ದರು. ಗಿರಾಕಿಗಳ ಮೇಲೆ ರೇಗುತ್ತಿದ್ದರು, ಚೇಷ್ಟೆ ಮಾಡುತ್ತಿದ್ದರು. ಹೆಂಗಸರ ದನಿ ಮೃದು, ತಾಳ್ಮೆ ಹೆಚ್ಚು ಎಂದು ಅವರನ್ನು ತಂದರು. ವಾರಕ್ಕೆ 54 ಗಂಟೆ ದುಡಿದ ಎಮ್ಮಾಗೆ ಸಿಗುತ್ತಿದ್ದದ್ದು ತಿಂಗಳಿಗೆ ಹತ್ತು ಡಾಲರ್. ಮೃದು ದನಿಯ ಜೊತೆಗೆ ಕಡಿಮೆ ಕೂಲಿಯೂ ಮಾಲೀಕರಿಗೆ ಬೇಕಾಗಿತ್ತು ಎಂಬುದು ನನ್ನ ನಂಬಿಕೆ. ಅದೇ ಪ್ರದೇಶದ ಸಾವಿರಾರು ಆಪರೇಟರ್ ಹೆಣ್ಣುಮಕ್ಕಳು 1919ರ ಏಪ್ರಿಲ್‌ನಲ್ಲಿ ಹೆಡ್‌ಸೆಟ್ ಕಳಚಿಟ್ಟು ಬೀದಿಗಿಳಿದರು. ಒಂದು ವಾರದೊಳಗೆ ಸಂಬಳ ಏರಿತು. ನೂರಾರು ಊರುಗಳ ಫೋನುಗಳು ಮೂಕವಾದಾಗಲೇ ಆ ಕೆಲಸದ ಬೆಲೆ ಗೊತ್ತಾದದ್ದು.

ಯಂತ್ರ ಬಂತು, ಆಪರೇಟರ್ ಹೋದಳು ಎನ್ನುವವರಿದ್ದಾರೆ. ಅರ್ಧ ನಿಜ. ನಮ್ಮ ಕರ್ನಾಟಕದ ಕಿತ್ತೂರಿನಲ್ಲಿಯೇ 1986ರಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ಆಮೇಲೆ ಎಸ್‌ಟಿಡಿ ಬೂತುಗಳು, ಆಮೇಲೆ ಮೊಬೈಲ್. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನಿಂದ ಸುಮಾರು 78 ಸಾವಿರ ಜನ ಸ್ವಯಂ ನಿವೃತ್ತಿ ಪಡೆದು ಒಂದೇ ದಿನ ಹೊರನಡೆದರು. ಇಲಾಖೆಯ ಆಪರೇಟರ್ ಹೋದಳು, ಸರಿ. ಆದರೆ ಆಸ್ಪತ್ರೆಯ ಫೋನ್ ಬೋರ್ಡಿನಲ್ಲಿ, ರೆಸಾರ್ಟಿನ ಕೋಣೆಗಳ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್ ಯಂತ್ರದ ಮುಂದೆ, 108ರ ಆಂಬುಲೆನ್ಸ್ ಕರೆಗೆ, 112ರ ತುರ್ತು ಕರೆಗೆ ಉತ್ತರಿಸುತ್ತಾ ಕೂತವರು ಯಾರು? ಕೆಲಸ ಹಾಗೆಯೇ ಉಳಿದು ಅದರ ಹಿಂದಿದ್ದ ಶ್ರೇಣಿ, ಭತ್ಯೆ, ಬಡ್ತಿ, ಪಿಂಚಣಿ ಮಾತ್ರ ಹೋದವು.

ನಮ್ಮ ಹುಡುಗಿಯ ವಿಷಯವನ್ನೇ ತೆಗೆದುಕೊಳ್ಳಿ. ಅವಳಿಗೆ ಕನ್ನಡ, ಕೊಡವ ತಕ್ಕ್, ಮಲಯಾಳಂ, ಹಿಂದಿ, ಇಂಗ್ಲಿಷ್ ಐದೂ ಬರುತ್ತವೆ. ಕೋಣೆಯ ದೂರು, ಬೆಳಗಿನ ಎಬ್ಬಿಸುವ ಕರೆ, ಟ್ಯಾಕ್ಸಿ, ಕೋಣೆ ಕಾಯ್ದಿರಿಸುವುದು, ನಡುರಾತ್ರಿ ಮಗುವಿಗೆ ಜ್ವರ ಬಂದರೆ ವೈದ್ಯರನ್ನು ಹುಡುಕುವುದು, ಆನೆ ತೋಟಕ್ಕೆ ಇಳಿದಿದೆ ಎಂದು ಕಾವಲಿನವರು ತಿಳಿಸಿದರೆ ಅತಿಥಿಗಳು ಹೊರಬಾರದಂತೆ ಪ್ರತಿ ಕೋಣೆಗೂ ಕರೆ ಮಾಡುವುದು, ಇಷ್ಟೂ ಅವಳದೇ. ಐದು ಭಾಷೆ ಬರುತ್ತದೆ ಎಂದೇ ಕೆಲಸಕ್ಕೆ ತೆಗೆದುಕೊಂಡರು, ಭಾಷೆಗೆಂದು ಒಂದು ರೂಪಾಯಿಯನ್ನೂ ಸೇರಿಸಲಿಲ್ಲ. ರೆಸಾರ್ಟು ಅವಳ ಮಾಲೀಕ ಎಂದು ಕಾಗದದಲ್ಲಿ ಇಲ್ಲ. ಮಾಲೀಕ ಒಂದು ಏಜೆನ್ಸಿ. ಹನ್ನೊಂದು ತಿಂಗಳ ಕರಾರು, ಮುಗಿದ ಮೇಲೆ ಮತ್ತೆ ಹನ್ನೊಂದು ತಿಂಗಳು, ಮತ್ತೆ ಅದೇ ಮೊತ್ತ. ಮೂರನೆಯ ಕರಾರು ಈಗ ನಡೆಯುತ್ತಿದೆ. ಮೂರು ಕರಾರುಗಳ ಅನುಭವಕ್ಕೆ ಅಲ್ಲಿ ಲೆಕ್ಕವೇ ಇಲ್ಲ.

ಮಾತಿನಲ್ಲಿ ಹೇಳಿದ ಸಂಬಳ 17,000. ಅದರಲ್ಲಿ ಅವಳ ಪಾಲಿನ ಭವಿಷ್ಯ ನಿಧಿ ಕಡಿತವಾಗುತ್ತದೆ, ಅದು ನ್ಯಾಯ. ಮಾಲೀಕರು ತಮ್ಮ ಕೈಯಿಂದ ತುಂಬಬೇಕಾದ ಪಾಲು, ಅದೂ ಮೂಲ ವೇತನದ ಶೇಕಡ 12, ಅದನ್ನೂ ಇದೇ 17,000ದೊಳಗಿಂದ ತೆಗೆದಿದ್ದಾರೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇಕಡ 0.75 ಹೋಗುತ್ತದೆ. ಉಳಿದದ್ದು ಆ 13,400. ರಾತ್ರಿ ಪಾಳಿಯವಳು ಬಾರದಿದ್ದ ದಿನ ಇವಳೇ ಬೆಳಗಿನ ತನಕ ಮುಂದುವರಿಯುತ್ತಾಳೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು ಕಾನೂನು ಹೇಳುತ್ತದೆ. ಚೀಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಫೋನ್ ಎತ್ತುವುದು ಯಾರಿಂದಲೂ ಆಗುತ್ತದೆ, ಇದಕ್ಕೇನು ವಿದ್ಯೆ ಬೇಕು ಎಂದು ನನ್ನೆದುರೇ ಒಬ್ಬರು ಕೇಳಿದರು. ಅವರಿಗೆ 2018ರ ಆಗಸ್ಟ್ ನೆನಪಿಲ್ಲವೆಂದು ಕಾಣುತ್ತದೆ.

ನನ್ನ ಗೆಳತಿಯೊಬ್ಬಳು ಆಗ ಜಿಲ್ಲೆಯ ಒಂದು ಆಸ್ಪತ್ರೆಯ ಫೋನ್ ಬೋರ್ಡಿನಲ್ಲಿದ್ದಳು, ಅವಳೂ ಗುತ್ತಿಗೆಯ ಮೇಲೆ. ಗುಡ್ಡ ಜರಿದು ಜೋಡುಪಾಲದ ಬಳಿ ಮಂಗಳೂರು ರಸ್ತೆ ಮುಚ್ಚಿತ್ತು. ಮಕ್ಕಂದೂರು, ಮದೆನಾಡು, ಹಟ್ಟಿಹೊಳೆ ಕಡೆಯಿಂದ ಕರೆ ಬಂದ ಹಾಗೆಯೇ ಕಡಿದುಹೋಗುತ್ತಿತ್ತು. ಒಂದು ಕರೆಯಲ್ಲಿ ಅವಳಿಗೆ ಕೇಳಿಸಿದ್ದು "...ಗೇರಿ" ಎಂಬ ಕೊನೆಯ ಎರಡು ಅಕ್ಷರ ಮತ್ತು ಒಂದು ಹೆಂಗಸಿನ ಅಳು. ಹೆಬ್ಬೆಟ್ಟಗೇರಿಯೋ, ಮೊಣ್ಣಂಗೇರಿಯೋ? ದಿಕ್ಕು ಬೇರೆ, ದಾರಿ ಬೇರೆ. ದೂರದ ಊರಿನ ಕಾಲ್ ಸೆಂಟರಿನಲ್ಲಿ ಕೂತವರಿಗೆ ಎರಡೂ ಒಂದೇ. ಇವಳು ಮತ್ತೆ ಸಂಪರ್ಕ ಸಿಕ್ಕ ಅರ್ಧ ನಿಮಿಷದಲ್ಲಿ ಆ ಹೆಂಗಸಿನ ಮಾತಿನ ರೀತಿ ಹಿಡಿದು, ಮನೆತನದ ಹೆಸರು ಕೇಳಿ, ಆ ಮನೆತನ ಯಾವ ಊರಿನಲ್ಲಿದೆ ಎಂದು ತಿಳಿದು, ರಕ್ಷಣೆಗೆ ಹೊರಟವರಿಗೆ ಸರಿಯಾದ ಊರನ್ನು ಹೇಳಿದಳು. ಮೂರು ದಿನ ಮನೆಗೆ ಹೋಗಲಿಲ್ಲ, ಕುರ್ಚಿಯಲ್ಲಿಯೇ ಕಣ್ಣು ಮುಚ್ಚಿದಳು. ತಿಂಗಳ ಕೊನೆಗೆ ಸಂಬಳ ಎಂದಿನಷ್ಟೇ ಬಂತು. ಹೆಚ್ಚುವರಿ ಗಂಟೆಗಳನ್ನು ಕೇಳಿದಾಗ "ಎಲ್ಲರೂ ಸೇವೆ ಮಾಡಿದ್ದಾರಮ್ಮ" ಎಂಬ ಉತ್ತರ ಸಿಕ್ಕಿತು. ಖಾಯಂ ನೌಕರರಿಗೆ ಆ ದಿನಗಳಿಗೆ ಪರಿಹಾರ ರಜೆ ಸಿಕ್ಕಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಅವಳ ತಲೆಯಲ್ಲಿದ್ದ ಆ ಊರುಗಳ ನಕ್ಷೆಯನ್ನು ಯಾವ ಯಂತ್ರಕ್ಕೂ ಯಾರೂ ತುಂಬಿರಲಿಲ್ಲ.

ಹಾಗಾದರೆ ಎಷ್ಟು ಕೊಡಬೇಕು? ಇದು ಊಹೆಗೆ ಬಿಟ್ಟ ಪ್ರಶ್ನೆಯಲ್ಲ. 1957ರಲ್ಲಿಯೇ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಲೆಕ್ಕ ಹಾಕಿ ಇಟ್ಟಿದೆ: ದುಡಿಯುವವರೂ ಸೇರಿ ಮೂರು ಜನರ ಲೆಕ್ಕದ ಕುಟುಂಬ, ತಲೆಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪದ ಖರ್ಚು. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿಗೆಂದು ಇನ್ನೂ ಶೇಕಡ 25 ಸೇರಬೇಕು ಎಂದು ಆಮೇಲೆ ಸುಪ್ರೀಂ ಕೋರ್ಟ್ ಹೇಳಿತು. ಏಳನೆಯ ವೇತನ ಆಯೋಗ ಈ ಸೂತ್ರವನ್ನೇ ಹಿಡಿದು ಕೇಂದ್ರ ಸರ್ಕಾರದ ಅತಿ ಕೆಳಗಿನ ನೌಕರನಿಗೆ 2016ರ ಜನವರಿಯಿಂದ ತಿಂಗಳಿಗೆ 18,000 ರೂಪಾಯಿ ಮೂಲ ವೇತನ ನಿಗದಿ ಮಾಡಿತು. ಒಂದು ಸಂಸಾರ ಮಾನದಿಂದ ಬದುಕಲು ಆಗ ಬೇಕಾಗಿದ್ದದ್ದು ಅಷ್ಟು. ಇಷ್ಟು ವರ್ಷ ಕಳೆದ ಮೇಲೂ ಐದು ಭಾಷೆಯ ನಮ್ಮ ಹುಡುಗಿ ಆ ಗೆರೆಯನ್ನು ಮುಟ್ಟಿಲ್ಲ. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಅವರಿಗೂ ಸಲ್ಲುತ್ತದೆ ಎಂದಿತು. ಅದು ಸರ್ಕಾರಿ ಕಚೇರಿಯ ಮಾತು, ಖಾಸಗಿಯವರಿಗೆ ನೇರವಾಗಿ ಅನ್ವಯಿಸುವುದಿಲ್ಲ, ನನಗೆ ಗೊತ್ತು. ನ್ಯಾಯ ಯಾವ ಕಡೆ ಇದೆ ಎಂಬುದಾದರೂ ಅದರಿಂದ ತಿಳಿಯುತ್ತದೆ.

ಮಳೆಗಾಲದಲ್ಲಿ ಕೋಣೆಗಳು ಖಾಲಿ, ವರ್ಷವಿಡೀ ಒಂದೇ ಸಂಬಳ ಕೊಡುವುದು ಕಷ್ಟ ಎನ್ನುವ ಸಣ್ಣ ಹೋಂಸ್ಟೇಯವರ ಮಾತನ್ನು ನಾನು ಒಪ್ಪುತ್ತೇನೆ. ಅವರ ಮನೆಯ ಫೋನನ್ನು ಅವರೇ ಎತ್ತುತ್ತಾರೆ. ಒಂದು ರಾತ್ರಿಗೆ ಒಂದು ಕೋಣೆಗೆ ಅವಳ ತಿಂಗಳ ಸಂಬಳಕ್ಕಿಂತ ಹೆಚ್ಚು ಬಾಡಿಗೆ ಪಡೆಯುವವರು ಇದೇ ಮಾತು ಹೇಳಿದರೆ ಒಪ್ಪಲು ಸಾಧ್ಯವಿಲ್ಲ.

ಮುಂದಿನ ಕರಾರಿನ ಕಾಗದ ಗುರುವಾರ ಬಂದಿದೆ. ನಿನ್ನೆ ರಾತ್ರಿ ದೊಡ್ಡಮ್ಮ ಅದನ್ನು ಮುಂದಿಟ್ಟುಕೊಂಡು, ಟ್ರಂಕ್ ಟಿಕೆಟ್ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ವಿಷಯ ಗುರುತು ಹಾಕಿಕೊಟ್ಟರು: ಮಾಲೀಕರ ಪಾಲಿನ ಭವಿಷ್ಯ ನಿಧಿ ಬೇರೆ, ರಾತ್ರಿ ಪಾಳಿಗೆ ಭತ್ಯೆ, ಹೆಚ್ಚುವರಿ ಗಂಟೆಗೆ ದುಪ್ಪಟ್ಟು, ವರ್ಷಕ್ಕೊಂದು ಇನ್‌ಕ್ರಿಮೆಂಟ್. ಹುಡುಗಿ ರುಜು ಹಾಕಿಲ್ಲ. ಸೋಮವಾರ ಅವಳಿಗೆ ವಾರದ ರಜೆ. ಮೂರು ಕರಾರುಗಳ ಪ್ರತಿಗಳನ್ನೂ ಸಂಬಳದ ಚೀಟಿಗಳನ್ನೂ ಹಿಡಿದುಕೊಂಡು ನಾವಿಬ್ಬರೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಿದ್ದೇವೆ. ಕೊಡಗಿನಲ್ಲಿ ಇದೇ ಕೆಲಸ ಮಾಡುವವರು ಬೇರೆ ಯಾರಾದರೂ ಇದ್ದರೆ, ನಿಮ್ಮ ಚೀಟಿಯಲ್ಲಿ ಈ ನಾಲ್ಕು ಸಾಲುಗಳು ಇವೆಯೇ ಎಂದು ನೋಡಿ. ಇಲ್ಲದಿದ್ದರೆ ನನಗೆ ತಿಳಿಸಿ, ಒಟ್ಟಿಗೇ ಹೋಗೋಣ.