ನೀಟ್ ಪಿಜಿ: 'ಸೊನ್ನೆ ಅಂಕಕ್ಕೂ ಡಾಕ್ಟರ್' ಅನ್ನೋದು ನಿಜವೇ?

'ಸೊನ್ನೆ ಅಂಕ ತೆಗೆದವರೂ ಇನ್ನು ಡಾಕ್ಟರ್ ಆಗಬಹುದು' ಎಂಬ ಮೆಸೇಜ್ ಓಡಾಡುತ್ತಿದೆ. ಇದರ ಮೂಲ 2023ರ ಸೆಪ್ಟೆಂಬರ್‌ನ ಒಂದು ಆದೇಶ. ಆಗ ನೀಟ್ ಪಿಜಿ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಲಾಯಿತು.

ಮೊದಲ ವಿಷಯ, ಈ ಪರೀಕ್ಷೆ ಬರೆಯುವವರು ಆಗಲೇ ಡಾಕ್ಟರುಗಳು. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದಿ, ಪಾಸಾಗಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದವರು. ನೀಟ್ ಪಿಜಿ ಇರುವುದು ಎಂಡಿ, ಎಂಎಸ್ ಎಂಬ ಸ್ಪೆಷಲಿಸ್ಟ್ ಕೋರ್ಸುಗಳ ಸೀಟು ಹಂಚೋದಕ್ಕೆ.

ಎರಡನೆಯದಾಗಿ, ಪರ್ಸೆಂಟೈಲ್ ಅಂದರೆ ಅಂಕವಲ್ಲ, ಸಾಲಿನಲ್ಲಿ ನಿಮ್ಮ ಜಾಗ. 50 ಪರ್ಸೆಂಟೈಲ್ ಅಂದರೆ ಬರೆದವರಲ್ಲಿ ಸುಮಾರು ಅರ್ಧ ಜನ ನಿಮಗಿಂತ ಹಿಂದೆ, ಅಷ್ಟೇ. ಸೊನ್ನೆ ಅಂದರೆ ಸಾಲಿನ ಕೊನೆಯವರಿಗೂ ಕೌನ್ಸೆಲಿಂಗ್ ಬಾಗಿಲು ತೆರೆದಿದೆ ಎಂದು. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ ಇರುವುದರಿಂದ ಆ ಕೊನೆಯವರ ಅಂಕ ಸೊನ್ನೆಗಿಂತಲೂ ಕೆಳಗಿತ್ತು. ಅಂದರೆ ಮೆಸೇಜ್ ಬರೆದವರು ಒಂದು ಲೆಕ್ಕದಲ್ಲಿ ಕಮ್ಮಿಯೇ ಹೇಳಿದ್ದಾರೆ!

ಆದರೆ ಅರ್ಹತೆ ಬೇರೆ, ಸೀಟು ಬೇರೆ. ಸೀಟು ಸಿಗುವುದು ರ‍್ಯಾಂಕ್ ಪ್ರಕಾರ. ಸಿಕ್ಕ ಮೇಲೂ ಮೂರು ವರ್ಷ ವಾರ್ಡಿನಲ್ಲಿ ದುಡಿಯಬೇಕು, ಪ್ರಬಂಧ ಬರೆಯಬೇಕು, ಕೊನೆಗೆ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪಾಸಾಗಬೇಕು. ಪರೀಕ್ಷಕರ ಮುಂದೆ ರೋಗಿಯನ್ನು ನೋಡಿ ಹೇಳುವ ಆ ಪರೀಕ್ಷೆಯಲ್ಲಿ ಪರ್ಸೆಂಟೈಲ್ ಇಲ್ಲ.

ಹಾಗಂತ ಆದೇಶ ಸರಿ ಎಂದಲ್ಲ. ಖಾಲಿ ಸೀಟು ತುಂಬಲು ಗೆರೆಯನ್ನೇ ಅಳಿಸಿದರೆ, ದುಬಾರಿ ಖಾಸಗಿ ಸೀಟಿಗೆ ಅಂಕಕ್ಕಿಂತ ದುಡ್ಡೇ ಜಾಸ್ತಿ ಕೆಲಸ ಮಾಡುತ್ತದೆ ಅಲ್ವಾ? ಕೇಳಬೇಕಾದ ಪ್ರಶ್ನೆ ಅದು.